ದೋಸೆ ಕಾವಲಿಯ ಮುಂದೆ ದೀಪದ ಹಲಗೆ

ಮೈಸೂರು

ನಮ್ಮ ಬೀದಿಯಲ್ಲಿ ಫಾರಿನ್ ಎಂದರೆ ಎರಡೇ ಊರು, ದುಬೈ ಮತ್ತು ಬೊಂಬಾಯಿ. ದುಬೈ ಕಂಡವರು ಯಾರೂ ಇರಲಿಲ್ಲ. ಹಾಗಾಗಿ ಫಾರಿನ್ ಸೀರೆ, ಫಾರಿನ್ ಸೋಪು, ಫಾರಿನ್ ಚಾಳಿ ಎಲ್ಲವೂ ಬೊಂಬಾಯಿಯಿಂದಲೇ ಬರಬೇಕಾಗಿತ್ತು. ನಾನು ಕೆಲಸದ ಮೇಲೆ ಅಲ್ಲಿಗೆ ಹೊರಟಿದ್ದೇನೆ ಎಂದಾಗ ಎದುರುಮನೆಯ ಸೀತಮ್ಮನವರು ಪಾಸ್‌ಪೋರ್ಟ್ ಆಯಿತೇ ಎಂದು ಕೇಳಿದ್ದು ತಮಾಷೆಗಲ್ಲ. ನಾನು ನಕ್ಕುಬಿಟ್ಟೆ. ಹೋಗಿ ಬಂದ ಮೇಲೆ ಅವರ ಪ್ರಶ್ನೆಯಲ್ಲಿ ಅರ್ಥವಿತ್ತು ಅನ್ನಿಸಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾನು ಎಲೆಕ್ಟ್ರಾನಿಕ್ಸ್ ಓದಿ, ಗೆಳತಿಯೊಬ್ಬಳ ಜೊತೆ ಮನೆಯ ಹಿಂದಿನ ಶೆಡ್ಡಿನಲ್ಲಿ ದೀಪದ ಹಲಗೆಗಳನ್ನು ಮಾಡುತ್ತಿದ್ದೆ. ಡಾಕ್ಟರ ಶಾಪಿಗೆ ಟೋಕನ್ ನಂಬರ್ ತೋರಿಸುವ ಹಲಗೆ, ಮದುವೆ ಛತ್ರಕ್ಕೆ ‘ಮುಂದಿನ ಪಂಕ್ತಿ’ ಎಂದು ಮಿನುಗುವ ಹಲಗೆ, ಇಂಥವು. ದೀಪ ಎಂದರೆ ಬಲ್ಬಲ್ಲ, ಎಲ್‌ಇಡಿ. ಟೇಪ್ ರೆಕಾರ್ಡರಿನ ಮೂಲೆಯಲ್ಲಿ ಹೊಳೆಯುತ್ತದಲ್ಲ, ಆ ಕಡಲೆಕಾಳಿನಷ್ಟು ದೀಪ.

ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಚಿಕ್ಕಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಆಫೀಸಿಗೆ ಹೋಗುವ ಮುಂಚೆ ಮನೆ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುವುದು ಅವರಿಗೆ ವ್ರತವಿದ್ದ ಹಾಗೆ. ಅಲ್ಲಿನ ಮಾಲೀಕರಾದ ಸದಾನಂದ ರಾಯರ ಮುಂದೆ ಅವರು ನನ್ನ ಹಲಗೆಗಳ ಬಗ್ಗೆ ಚೆನ್ನಾಗಿ ಕೊಚ್ಚಿಕೊಂಡಿದ್ದರು. ರಾಯರು ತಮ್ಮ ಕಷ್ಟ ಹೇಳಿಕೊಂಡರಂತೆ. ಹೋಟೆಲಿನಲ್ಲಿ ಸಪ್ಲೈಯರುಗಳು ಆರ್ಡರನ್ನು ಅಡಿಗೆಮನೆಯ ಕಿಂಡಿಗೆ ಕೂಗಿ ಹೇಳುವುದು ವಾಡಿಕೆ. ದೋಸೆ ಹೊಯ್ಯುವ ಪದ್ಮನಾಭ ಭಟ್ಟರಿಗೆ ಈಗ ಕಿವಿ ಕೇಳುವುದಿಲ್ಲ. ರವೆ ದೋಸೆ ಎಂದರೆ ಸೆಟ್ ದೋಸೆ ಬರುತ್ತದೆ. ರಾಯರ ಅಣ್ಣ ಊರಿನಿಂದ ಹೊಸ ಅಡಿಗೆಯವನನ್ನು ಗೊತ್ತುಮಾಡಿಯೂ ಆಗಿದೆ, ನವರಾತ್ರಿ ಕಳೆದ ಮೇಲೆ ಅವನು ಬರುತ್ತಾನೆ. ಬಂದ ದಿನವೇ ಭಟ್ಟರು ಗಂಟು ಕಟ್ಟಬೇಕು. ಊರಿನಲ್ಲಿ ಭಟ್ಟರಿಗೆ ಇರುವುದು ತಮ್ಮಂದಿರ ಮನೆ, ಅಲ್ಲಿ ಅವರು ನೆಂಟರು. ಕಾವಲಿಯ ಮುಂದೆ ಮಾತ್ರ ಅವರು ರಾಜ. ರಾಯರಿಗೆ ಅವರನ್ನು ಕಳಿಸಲು ಮನಸ್ಸಿಲ್ಲ. ಆರ್ಡರನ್ನು ಕಿವಿಯ ಬದಲು ಕಣ್ಣಿಗೆ ಕೊಡಲಿಕ್ಕಾಗುತ್ತದೆಯೇ ಎಂಬುದು ಅವರ ಪ್ರಶ್ನೆ.

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ಮೇಷ್ಟರೂ ಕೇಳಿರಲಿಲ್ಲ. ಅಂದೇ ಕೂತು ಗೀಚಿದೆ. ಆರ್ಡರ್ ಬರುವುದು ಮೂರು ಕಡೆಯಿಂದ: ಕೆಳಗಿನ ಹಾಲ್, ಮಹಡಿಯ ಫ್ಯಾಮಿಲಿ ರೂಮ್, ರಸ್ತೆಗೆ ತೆರೆದ ಪಾರ್ಸೆಲ್ ಕಿಟಕಿ. ಮೂರು ಕಡೆಗೂ ಒಂದೊಂದು ಗುಂಡಿಪೆಟ್ಟಿಗೆ, ಕಾವಲಿಯ ಎದುರಿನ ಗೋಡೆಗೆ ದೊಡ್ಡ ಹಲಗೆ. ಸಾದಾ, ಮಸಾಲೆ, ರವೆ, ಸೆಟ್, ಉತ್ತಪ್ಪ ಒಂದೊಂದಕ್ಕೂ ಒಂದು ಅಂಕಣ. ಮಹಡಿಯವರದು ಕೆಂಪು, ಹಾಲಿನವರದು ಹಸಿರು, ಪಾರ್ಸೆಲಿನವರದು ಹಳದಿ. ನೀಲಿ ಎಲ್‌ಇಡಿ ಆಗ ನಮ್ಮ ಪೇಟೆ ಕಂಡಿರಲಿಲ್ಲ, ಕಂಡಿದ್ದರೆ ಅದನ್ನೂ ಎಲ್ಲಾದರೂ ತುರುಕುತ್ತಿದ್ದೆ. ದೀಪದ ಪಕ್ಕದಲ್ಲಿ ಎಷ್ಟು ದೋಸೆ ಎಂದು ತೋರಿಸುವ ಅಂಕಿ. ಒಮ್ಮೆ ಒತ್ತಿದರೆ ಒಂದು, ಎರಡು ಸಲ ಒತ್ತಿದರೆ ಎರಡು. ದೋಸೆ ಒಯ್ಯುವವನು ಕಿಂಡಿಯ ಬಳಿಯ ಗುಂಡಿ ಒತ್ತಿ ದೀಪ ಆರಿಸಬೇಕು.

ಹಲಗೆಯನ್ನೂ ಪೆಟ್ಟಿಗೆಗಳನ್ನೂ ಒಂದೇ ಒಂದು ಜೋಡಿ ತಂತಿ ಹೊಲಿದುಕೊಂಡು ಹೋಗುತ್ತದೆ. ಆ ತಂತಿಯ ಮೇಲೆ ಹಲಗೆ ಪ್ರತಿ ಪೆಟ್ಟಿಗೆಯನ್ನೂ ಸರದಿಯಂತೆ ಏನಾದರೂ ಇದೆಯೇ ಎಂದು ಕೇಳುತ್ತದೆ, ಪೆಟ್ಟಿಗೆ ಇದೆ ಅಥವಾ ಇಲ್ಲ ಎನ್ನುತ್ತದೆ. ರೆಪ್ಪೆ ಮಿಟುಕಿಸುವುದರೊಳಗೆ ಹಲವು ಸುತ್ತು ಮುಗಿದಿರುತ್ತದೆ. ಒಂದಕ್ಕೊಂದು ಉತ್ತರ ಕೊಡದೆ ಒಂದು ಕ್ಷಣವೂ ಇರಲಾರದ ಆ ಪೆಟ್ಟಿಗೆಗಳನ್ನು ಕಂಡರೆ ನನಗೆ ಭಾರಿ ಹೆಮ್ಮೆ. ಅವನ್ನು ತಗಡಿನ ಟ್ರಂಕಿನಲ್ಲಿ ಹಳೆಯ ಸೀರೆಗಳ ನಡುವೆ ಮಲಗಿಸಿಕೊಂಡು ರೈಲು ಹತ್ತಿದೆ.

ದಾದರ್

ಚಿಕ್ಕಪ್ಪ ಪ್ಲಾಟ್‌ಫಾರಮ್ಮಿನ ಪುಸ್ತಕದಂಗಡಿಯ ಹತ್ತಿರ ನಿಂತಿರುತ್ತೇನೆ, ಅಲ್ಲಿಂದ ಕದಲಬೇಡ ಎಂದು ಹೇಳಿದ್ದರು. ಕದಲದೆ ಇರುವುದು ದಾದರಿನಲ್ಲಿ ನಮ್ಮ ಕೈಯಲ್ಲಿಲ್ಲ ಎಂಬುದು ಅಷ್ಟು ವರ್ಷ ಅಲ್ಲಿದ್ದ ಮನುಷ್ಯನಿಗೆ ಗೊತ್ತಿರಬೇಡವೇ? ನಾನು ಟ್ರಂಕನ್ನು ಎದೆಗೆ ಅವುಚಿಕೊಂಡು ಸೇತುವೆಯ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತೆ, ಅಷ್ಟೇ. ಜನರೇ ಹತ್ತಿಸಿದರು, ಜನರೇ ದಾಟಿಸಿದರು, ಜನರೇ ಇನ್ನೊಂದು ಬದಿಯ ಹೂವಿನ ಮಾರ್ಕೆಟ್ಟಿನಲ್ಲಿ ಇಳಿಸಿ ಹೊರಟುಹೋದರು. ಯಾರ ಮುಖವನ್ನೂ ನಾನು ನೋಡಲಿಲ್ಲ, ಯಾರೂ ನನ್ನ ಮುಖ ನೋಡಲಿಲ್ಲ. ಮೈಸೂರಿನಲ್ಲಾಗಿದ್ದರೆ ಅಷ್ಟು ದೂರ ನಡೆಯುವುದರೊಳಗೆ ನಾಲ್ಕು ಜನ ಎಲ್ಲಿಗೆ ಹೊರಟೆ ಎಂದು ಕೇಳಿರುತ್ತಿದ್ದರು.

ಒಬ್ಬ ಹೂವಾಡಗಿತ್ತಿ ಮರಾಠಿಯಲ್ಲಿ ಬೈಯುತ್ತಲೇ ತನ್ನ ಬುಟ್ಟಿ ಸರಿಸಿ ಕೂರಲು ಜಾಗ ಮಾಡಿಕೊಟ್ಟಳು. ಬಾಯಿ ಬೈಯುತ್ತಿದ್ದರೆ ಕೈ ಸಹಾಯ ಮಾಡುತ್ತಿರುತ್ತದೆ, ಇದು ಆ ಊರಿನ ಚಾಳಿ ಎಂದು ಆಮೇಲೆ ಕಂಡುಕೊಂಡೆ. ಟ್ರಂಕಿನಲ್ಲಿ ಏನು ಎಂದು ಕೇಳಿದಳು. ನನಗೆ ಗೊತ್ತಿದ್ದ ಒಂದೇ ಮರಾಠಿ ಪದ ತೆಗೆದು ದಿವೇ ಎಂದೆ, ದೀಪಗಳು ಎಂದರ್ಥ. ಅವಳು ದೇವರ ದೀಪಗಳೆಂದು ತಿಳಿದು ಒಂದು ಹಿಡಿ ಚೆಂಡುಹೂವನ್ನು ಟ್ರಂಕಿನ ಮೇಲೆ ಸುರಿದಳು. ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತ ನನ್ನನ್ನು ಪತ್ತೆ ಹಚ್ಚಿದಾಗ ನಾನು ಹೂವಿನ ನಡುವೆ ಮೆರವಣಿಗೆಯ ದೇವಿಯ ಹಾಗೆ ಕೂತಿದ್ದೆ.

ಸಯನ್

ಚಿಕ್ಕಪ್ಪನ ಮನೆ ಒಂದು ಬಿಲ್ಡಿಂಗಿನ ಮೂರನೇ ಮಹಡಿ. ನಮ್ಮ ನಡುಮನೆಯಷ್ಟು ಜಾಗದಲ್ಲಿ ಇಡೀ ಸಂಸಾರ. ಚಿಕ್ಕಮ್ಮ ಮೈಸೂರಿನವಳೇ ಆದರೂ ಅವಳ ಕನ್ನಡ ಅರ್ಧ ವಲಸೆ ಹೋಗಿತ್ತು. ಬೆಳಕು ಹರಿಯುವ ಮುಂಚೆ ಪಾನಿ ಬಂತು ಏಳು ಎಂದು ಎಬ್ಬಿಸುತ್ತಿದ್ದಳು. ನಮ್ಮಲ್ಲಿ ಕೋಳಿ ಕೂಗಿದರೆ ಏಳುತ್ತಾರೆ, ಅಲ್ಲಿ ನಲ್ಲಿ ಕೂಗಿದರೆ ಏಳುತ್ತಾರೆ.

ಹೋಟೆಲಿಗೆ ಹೋದ ದಿನ ಸದಾನಂದ ರಾಯರು ಅಡಿಗೆಮನೆಯ ಬಾಗಿಲಲ್ಲೇ ನನಗೆ ಗುಟ್ಟಾಗಿ ಎಚ್ಚರ ಹೇಳಿದರು. ಭಟ್ಟರ ಮುಂದೆ ಕಿವಿಯ ಸುದ್ದಿ ಎತ್ತಬಾರದು, ಹೋಟೆಲನ್ನೇ ಮಾಡರ್ನ್ ಮಾಡುತ್ತಿದ್ದೇವೆ ಎನ್ನಬೇಕು. ಪದ್ಮನಾಭ ಭಟ್ಟರು ಎತ್ತರದ ಆಳು, ಹೊಗೆಗೆ ಕೆಂಪಾದ ಕಣ್ಣು, ಸೊಂಟಕ್ಕೆ ಬಿಗಿದ ಪಂಚೆ. ಸಟ್ಟುಗವನ್ನು ಕತ್ತಿಯ ಹಾಗೆ ಹಿಡಿದುಕೊಂಡು ನನ್ನ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. ಕಿವಿ ಕೇಳದವರು ಮಾತಾಡುವ ಹಾಗೆ ಅವರದು ರಸ್ತೆಗೆ ಕೇಳುವ ದನಿ.

“ಇದೆಂತಕ್ಕೆ? ದೀಪಾವಳಿಗೆ ಇನ್ನೂ ದಿವಸ ಉಂಟಲ್ಲ?”

ರಾಯರು ಕೈಸನ್ನೆ ಮಾಡಿ, ಬಾಯಿ ದೊಡ್ಡದು ಮಾಡಿ, ಮಾಡರ್ನ್ ಸಿಸ್ಟಮ್ಮಿನ ಕತೆ ಹೇಳಿದರು. ಭಟ್ಟರು ಕಾವಲಿಯ ಕಡೆ ತಿರುಗಿಕೊಂಡರು.

“ಯಾರಿಗೆ ಬೇಕೋ ಅವರಿಗೆ ಹಾಕಿ ಕೊಡಿ. ನಂಗೆ ಕೇಳ್ತದೆ.”

ಅದೇ ಹೊತ್ತಿಗೆ ಅವರ ಬೆನ್ನ ಹಿಂದಿನ ಕಿಂಡಿಯಲ್ಲಿ ಹೆಡ್ ಸಪ್ಲೈಯರ್ ಶೇಖರ ಎರಡು ರವೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಭಟ್ಟರು ನಿರಾಳವಾಗಿ ಸೆಟ್ ದೋಸೆ ಹೊಯ್ಯುತ್ತಿದ್ದರು. ನನಗೆ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಆಯಿತು. ಈ ಮನುಷ್ಯ ಕಾವಲಿ ಬಿಟ್ಟು ಹೋಗಬಾರದು ಎಂದು ನನಗೂ ಅನ್ನಿಸಿದ್ದು ಆವಾಗಲೇ.

ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ ನನ್ನ ಕೆಲಸ. ಹಲಗೆಗೆ ಎಣ್ಣೆಹೊಗೆ ಕೂರದಂತೆ ಮುಂದೆ ಗಾಜು ಹಾಕಿಸಿದೆ. ತಂತಿ ಎಳೆದೆ, ದೀಪ ಹತ್ತಿತು. ನಾನು ಗೆದ್ದೆ ಎಂದುಕೊಳ್ಳುತ್ತಿರುವಾಗ ಮೂಲೆಯಲ್ಲಿ ಯಾರೋ ಹಿಟ್ಟು ರುಬ್ಬುವ ಗ್ರೈಂಡರ್ ಶುರುಮಾಡಿದರು. ಹಲಗೆಯ ಮೇಲಿನ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿಕೊಂಡವು, ಅಂಕಿಗಳು ಹುಚ್ಚೆದ್ದು ಕುಣಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗೆ, ಗ್ರೈಂಡರ್ ತಿರುಗಿದರೆ ನನ್ನ ಹಲಗೆಗೆ ಸನ್ನಿ. ಭಟ್ಟರು ಖಾಲಿ ಹಾಲಿನ ಕಡೆ ಇಣುಕಿ, ಇಷ್ಟು ಜನ ಎಲ್ಲಿಂದ ಬಂದ್ರು ಎಂದು ಕೇಳಿದರು.

ಗ್ರೈಂಡರಿನ ಗದ್ದಲವನ್ನು ನನ್ನ ತಂತಿ ಹೀರಿಕೊಳ್ಳುತ್ತಿತ್ತು. ಎರಡು ತಂತಿಯನ್ನೂ ಬಿಗಿಯಾಗಿ ಹೊಸೆದರೆ ಗದ್ದಲ ಎರಡಕ್ಕೂ ಒಂದೇ ಸಮ ತಾಕುತ್ತದೆ, ಎರಡರ ವ್ಯತ್ಯಾಸವನ್ನಷ್ಟೇ ನೋಡುವ ಹಲಗೆಗೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಇದು ಪುಸ್ತಕದಲ್ಲಿ ಇದೆ. ಅಷ್ಟುದ್ದ ತಂತಿಯನ್ನು ಹೊಸೆಯುವುದು ಹೇಗೆ ಎಂಬುದು ಪುಸ್ತಕದಲ್ಲಿ ಇಲ್ಲ. ಮರುದಿನ ಬಿಲ್ಡಿಂಗಿನ ಉದ್ದನೆಯ ಪ್ಯಾಸೇಜಿನಲ್ಲಿ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಡಗಿಯ ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದೆ. ಚಿಕ್ಕಮ್ಮ ನಡುವೆ ನಡೆಯುತ್ತ ತಂತಿ ಗಂಟಾಗದಂತೆ ಬೆರಳಲ್ಲಿ ತಿದ್ದಿದಳು. ವರ್ಷಗಟ್ಟಲೆ ಬತ್ತಿ ಹೊಸೆದ ಕೈ ಅದು. ಒಳಗೆ ಕಾಫಿ ಕುಡಿದು ಬರುವುದರೊಳಗೆ ಪಕ್ಕದ ಮನೆಯ ಗುಜರಾತಿ ಹೆಂಗಸು ನಮ್ಮ ತಂತಿಯ ಮೇಲೆ ಮೂರು ಟವೆಲ್ಲು, ಒಂದು ಲಂಗ ಒಣಹಾಕಿದ್ದಳು. ಆ ಊರಿನಲ್ಲಿ ಯಾವ ಹಗ್ಗವೂ ಖಾಲಿ ಇರಕೂಡದು.

ಹೊಸೆದ ತಂತಿ ಹಾಕಿದ ಮೇಲೆ ಗ್ರೈಂಡರ್ ಎಷ್ಟು ಗುಡುಗಿದರೂ ದೀಪಗಳು ಅಲ್ಲಾಡಲಿಲ್ಲ. ಭಟ್ಟರು ಒಂದೆರಡು ದಿನ ಹಲಗೆಗೆ ಬೆನ್ನು ಹಾಕಿಯೇ ಇದ್ದರು. ಮೂರನೆಯ ದಿನ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಹಸಿರು ದೀಪ ನೋಡಿ ರವೆ ದೋಸೆ ಹೊಯ್ದರು. ಕಿಂಡಿಯಲ್ಲಿ ಶೇಖರ ಅದನ್ನು ಎತ್ತಿಕೊಂಡು ನನಗೆ ಕಣ್ಣು ಹೊಡೆದ. ನಾನು ಆ ಸಂಜೆ ಊರಿಗೆ ಫೋನ್ ಮಾಡಿ ಎಲ್ಲವೂ ಸರಿಹೋಯಿತು ಎಂದೆ.

ಸಯನ್, ಭಾನುವಾರ

ಭಾನುವಾರ ಆ ಹೋಟೆಲಿಗೆ ಬರುವುದು ಜನವಲ್ಲ, ಜಾತ್ರೆ. ಬೆಳಿಗ್ಗೆ ಎಂಟಕ್ಕೆಲ್ಲ ಮೆಟ್ಟಿಲ ಮೇಲೆ ಸಾಲು. ಸಪ್ಲೈಯರುಗಳು ಗುಂಡಿಗಳನ್ನು ಒತ್ತುವ ಉತ್ಸಾಹ ನೋಡಿ ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದುಕೊಂಡು ನಕ್ಕೆ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕಿಂಡಿಯ ಮೇಲೆ ಮಸಾಲೆ ದೋಸೆಗಳು ಒಂದರ ಮೇಲೊಂದು ರಾಶಿ ಬೀಳುತ್ತಿದ್ದವು, ಒಯ್ಯುವವರಿಲ್ಲ. ಮಹಡಿಯವರು ರವೆಗಾಗಿ ಕಾಯುತ್ತಿದ್ದರೆ ಭಟ್ಟರು ಯಾರೂ ಕೇಳದ ಮಸಾಲೆಗಳನ್ನು ಬೆವರಿಳಿಸಿಕೊಂಡು ಹೊಯ್ಯುತ್ತಲೇ ಇದ್ದರು. ಹಲಗೆ ಇನ್ನೂ ಬೇಕು, ಇನ್ನೂ ಬೇಕು ಎನ್ನುತ್ತಿತ್ತು.

ನಾನು ತಂತಿ ನೋಡಿದೆ, ಪೆಟ್ಟಿಗೆ ನೋಡಿದೆ, ಎಲ್ಲಿಯೂ ತಪ್ಪಿಲ್ಲ. ಕೊನೆಗೆ ಶೇಖರನ ಪಕ್ಕದಲ್ಲಿ ನಿಂತು ನೋಡಿದೆ. ಎರಡು ಮಸಾಲೆ ಒತ್ತಿದ. ಟೇಬಲ್ಲಿಗೆ ಹೋಗಿ ನೀರಿಟ್ಟು ಬಂದ. ಮತ್ತೆ ಅದೇ ಎರಡು ಮಸಾಲೆ ಒತ್ತಿದ. ಗಿರಾಕಿ ಅವಸರ ಮಾಡಿದಾಗ ಇನ್ನೊಮ್ಮೆ ಒತ್ತಿದ. ಎರಡು ದೋಸೆ ಆರಾಗಿತ್ತು. ಯಾಕಪ್ಪ ಹೀಗೆ ಮಾಡುತ್ತೀಯ ಎಂದರೆ, ಒಂದು ಸಲ ಹೇಳಿದರೆ ಯಾರು ಕೇಳುತ್ತಾರೆ ಎಂದು ನನ್ನನ್ನೇ ಕೇಳಿದ. ಉಳಿದವರದೂ ಅದೇ ವರಸೆ. ಇವರಿಗೆ ಗುಂಡಿ ಒತ್ತಲು ಬರುವುದಿಲ್ಲ ಎಂದು ನಾನು ರಾಯರ ಮುಂದೆ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ರಾಯರ ಅಣ್ಣ, ಎಲ್ಲರೂ ದೊಡ್ಡ ರಾಯರು ಎನ್ನುತ್ತಿದ್ದವರು, ಬಾಂದ್ರಾದಲ್ಲಿ ಇವರ ಇನ್ನೊಂದು ಹೋಟೆಲ್ ನೋಡಿಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಇಲ್ಲಿಗೂ ಒಂದು ಸುತ್ತು ಬರುವವರು, ಆ ದಿನವೂ ಬಂದರು. ದೋಸೆಯ ಗುಡ್ಡೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ನಾಳೆ ಬಾಂದ್ರಾಕ್ಕೆ ಊಟಕ್ಕೆ ಬನ್ನಿ ಎಂದು ಹೇಳಿ ಹೋದರು. ಆ ಊಟ ಎಂಥದ್ದು ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು.

ಇಂಗು ತಿಂದ ಮಂಗನ ಹಾಗೆ ನಾನು ಅಡಿಗೆಮನೆಯ ಮೂಲೆಯಲ್ಲಿ ಕೂತಿದ್ದಾಗ ಭಟ್ಟರು ಒಂದು ಲೋಟ ಕಾಫಿ ತಂದಿಟ್ಟರು. ಸುತ್ತ ನೋಡಿ, ಬಗ್ಗಿ, ತಮ್ಮ ಮಟ್ಟಿಗೆ ಪಿಸುದನಿ ಎಂದುಕೊಂಡ ದನಿಯಲ್ಲಿ ನನ್ನ ಕಿವಿಗೆ ಹೇಳಿದರು.

“ಹೆದರ್ಬೇಡಿ ಮಾರಾಯ್ರೆ. ನಾನು ಊರಿಗೆ ಹೋಗುದಾದ್ರೂ ಅದು ನಿಮ್ಮ ದೀಪದಿಂದ ಅಂತ ಯಾರಿಗೂ ಹೇಳುದಿಲ್ಲ.”

ಇಡೀ ಹೋಟೆಲಿಗೆ ಅದು ಕೇಳಿಸಿತು. ಪಾರ್ಸೆಲ್ ಕಿಟಕಿಯ ಆಚೆ ನಿಂತಿದ್ದವರು ಕೂಡ ತಿರುಗಿ ನೋಡಿದರು. ನಾನು ಕಾಫಿಯನ್ನು ಕುಡಿದೆನೋ ಕಣ್ಣೀರನ್ನು ಕುಡಿದೆನೋ ಗೊತ್ತಾಗಲಿಲ್ಲ.

ಬಾಂದ್ರಾ

ಬಾಂದ್ರಾದ ಹೋಟೆಲ್ ಸಯನ್ನಿನದಕ್ಕಿಂತ ಠೀವಿಯದು, ಟೇಬಲ್ಲಿಗೆ ಗಾಜು, ಗೋಡೆಗೆ ಕನ್ನಡಿ. ಆದರೆ ಅಡಿಗೆಮನೆಗೆ ಅದೇ ಕಿಂಡಿ, ಅದೇ ಕೂಗು. ದೊಡ್ಡ ರಾಯರು ಎದುರಿಗೆ ಕೂತು ಬಡಿಸಿದರು. ಸಾರು ಅನ್ನ ಮುಗಿಯುವ ತನಕ ಮೈಸೂರಿನ ಹವೆ, ಮಲ್ಲಿಗೆ ಎಂದೆಲ್ಲ ಮಾತಾಡಿ, ಮಜ್ಜಿಗೆಯ ಹೊತ್ತಿಗೆ ವಿಷಯಕ್ಕೆ ಬಂದರು. ಹೊಸ ಅಡಿಗೆಯವನು ಗುರುವಾರ ಬರುತ್ತಾನೆ. ತಮ್ಮನದು ಮೃದು ಮನಸ್ಸು, ಹೋಟೆಲ್ ನಡೆಸಲು ಅದು ಸಾಲದು. ಅಷ್ಟರೊಳಗೆ ತಂತಿಗಳನ್ನು ಬಿಚ್ಚಿಕೊಂಡರೆ ಗೋಡೆಗೆ ಸುಣ್ಣ ಹೊಡೆಸಬಹುದು. ಅವರು ಹೇಳಿದ್ದರಲ್ಲಿ ಒಂದು ಮಾತೂ ಒರಟಾಗಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಅವರ ಮುಖ ನೋಡಲಾರದೆ ಕಿಂಡಿಯ ಕಡೆ ನೋಡುತ್ತ ಕೂತೆ. ಒಬ್ಬ ಸಪ್ಲೈಯರ್ ಬಂದು ಒಂದು ಸಾದಾ ಎಂದು ಕೂಗಿದ. ಒಳಗಿನಿಂದ ಟಣ್ ಎಂದು ಒಂದು ಸದ್ದು. ಸಪ್ಲೈಯರ್ ಹೊರಟುಹೋದ. ಇನ್ನೊಬ್ಬ ಬಂದ, ಎರಡು ಉತ್ತಪ್ಪ, ಟಣ್, ಅವನೂ ಹೋದ. ಮೂರನೆಯವನು ಕೂಗಿದಾಗ ಸದ್ದು ಬರಲಿಲ್ಲ. ಅವನು ಅಲ್ಲಿಯೇ ನಿಂತ. ಮತ್ತೆ ಕೂಗಿದ, ಮತ್ತೂ ಒಮ್ಮೆ ಕೂಗಿದ. ಟಣ್ ಎಂದ ಮೇಲೆಯೇ ಅವನ ಕಾಲು ಕದಲಿದ್ದು. ನಾನು ಎಲೆಯ ಮುಂದೆಯೇ ಎದ್ದು ನಿಂತುಬಿಟ್ಟೆ. ಅದೇನು ಸದ್ದು ಎಂದು ದೊಡ್ಡ ರಾಯರನ್ನು ಕೇಳಿದೆ.

“ಅದಾ? ಸಟ್ಟುಗದಲ್ಲಿ ಕಾವಲಿ ಅಂಚಿಗೆ ಹೊಡಿಯೂದು. ಕೇಳಿತು ಅಂತ ಅರ್ಥ. ಹೊಡೀದಿದ್ರೆ ಇವರು ಬಿಡ್ತಾರಾ, ಕೂಗ್ತಾನೇ ಇರ್ತಾರೆ.”

“ಸಯನ್‌ನಲ್ಲಿ ಭಟ್ಟರು ಹೊಡೆಯೋದನ್ನ ನಾನು ಒಂದು ದಿನವೂ ನೋಡಲಿಲ್ಲವಲ್ಲ.”

ದೊಡ್ಡ ರಾಯರೂ ಕಿಂಡಿಯ ಕಡೆ ತಿರುಗಿದರು. ಒಂದು ಕಾಲದಲ್ಲಿ ಪದ್ಮನಾಭನ ಪೆಟ್ಟು ಬಸ್ ಸ್ಟಾಪಿಗೆ ಕೇಳುತ್ತಿತ್ತು ಎಂದರು. “ಕಿವಿ ಹೋದ ಮೇಲೆ ಬಿಟ್ಟ. ಯಾವುದಕ್ಕೆ ಹೊಡೀಬೇಕು ಅಂತ ಗೊತ್ತಾಗ್ಬೇಕಲ್ಲ, ಪಾಪ.”

ನನ್ನ ಪೆಟ್ಟಿಗೆಗಳು ತಮ್ಮತಮ್ಮೊಳಗೆ ಕ್ಷಣಕ್ಕೆ ಹತ್ತು ಸಲ ಕೇಳಿ ಹತ್ತು ಸಲ ಉತ್ತರ ಕೊಟ್ಟುಕೊಳ್ಳುತ್ತಿದ್ದವು. ಗುಂಡಿ ಒತ್ತುವ ಮನುಷ್ಯನಿಗೆ ಒಂದು ಉತ್ತರ ಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಉತ್ತರ ಸಿಗದವನು ಎರಡನೆಯ ಸಲ ಕೂಗುತ್ತಾನೆ. ಕೂಗಿದರೆ ಅದು ಜ್ಞಾಪನೆ, ನನ್ನ ಹಲಗೆಯ ಮೇಲೆ ಅದೇ ಇನ್ನೊಂದು ದೋಸೆ. ಗುರುವಾರದವರೆಗೆ ತಂತಿ ಬಿಚ್ಚಿಸಬೇಡಿ ಎಂದು ದೊಡ್ಡ ರಾಯರನ್ನು ಬೇಡಿಕೊಂಡೆ. ಅವರು ಒಪ್ಪಿದರು ಎನ್ನುವುದಕ್ಕಿಂತ, ಊಟಕ್ಕೆ ಕರೆದ ಹುಡುಗಿಗೆ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಗೋರೆಗಾಂವ್

ಮಾಡಬೇಕಾದ್ದು ಹೆಚ್ಚೇನಿರಲಿಲ್ಲ. ಪ್ರತಿ ಗುಂಡಿಪೆಟ್ಟಿಗೆಯ ಮೇಲೂ ಒಂದು ಉತ್ತರದ ದೀಪ. ಒತ್ತಿದ ಕೂಡಲೇ ಅದು ಮಿಣುಕುತ್ತದೆ, ಅಂದರೆ ಸುದ್ದಿ ಹಲಗೆಗೆ ಮುಟ್ಟಿದೆ. ಭಟ್ಟರು ನೋಡಿದೆ ಎಂದು ತಿಳಿಸಿದರೆ ಅದು ಸ್ಥಿರವಾಗಿ ಉರಿಯುತ್ತದೆ. ತಂತಿ ಅದೇ ಸಾಕು, ಮಾತು ಎರಡೂ ಕಡೆ ಓಡುವಂಥದ್ದು. ಬದಲಾಗಬೇಕಾದ್ದು ಒಳಗಿನ ಪ್ರೋಗ್ರಾಂ. ಅದನ್ನು ಚಿಕ್ಕಮ್ಮನ ಊಟದ ಟೇಬಲ್ಲಿನ ಮೇಲೆ ಕೂತು ಬರೆದೆ.

ತೊಡಕು ಇದ್ದದ್ದು ಪೆಟ್ಟಿಗೆಗಳೊಳಗಿನ ಎಲೆಕ್ಟ್ರಾನಿಕ್ ಚಿಪ್ಪುಗಳಲ್ಲಿ. ಪ್ರೋಗ್ರಾಂ ಕೂತಿರುವ ಆ ಕರಿಯ ಚಿಪ್ಪುಗಳ ಬೆನ್ನಿಗೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಹಳೆಯದನ್ನು ಅಳಿಸಬೇಕಾದರೆ ಕಿಟಕಿಗೆ ಒಂದು ಬಗೆಯ ನೇರಳೆ ದೀಪ ಹಿಡಿಯಬೇಕು. ನನ್ನ ಆ ದೀಪ ಒಡೆದೀತೆಂದು ಮೈಸೂರಿನಲ್ಲೇ ಬಿಟ್ಟು ಬಂದಿದ್ದೆ. ವಿಚಾರಿಸಿದಾಗ ಗೋರೆಗಾಂವ್‌ನಲ್ಲಿ ದಾಮ್ಲೆ ಎಂಬುವರ ವರ್ಕ್‌ಶಾಪಿನಲ್ಲಿ ಅದೂ ಇದೆ, ಹೊಸತನ್ನು ಬರೆಯುವ ಕಂಪ್ಯೂಟರೂ ಇದೆ ಎಂದು ತಿಳಿಯಿತು. ಚಿಪ್ಪುಗಳನ್ನು ಥರ್ಮೋಕೋಲಿಗೆ ಚುಚ್ಚಿ ಚಿಕ್ಕಮ್ಮನ ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡು ಹೊರಟೆ.

ದಾದರಿನಲ್ಲಿ ಲೋಕಲ್ ಬದಲಾಯಿಸುವಾಗ ಮೊದಲು ಬಂದ ಗಾಡಿಯ ಲೇಡೀಸ್ ಡಬ್ಬಕ್ಕೆ ನುಗ್ಗಿದೆ. ಒಳಗಿನ ಪದ್ಧತಿ ನೋಡಿ. ನಿಂತವಳು ಕೂತವಳನ್ನು ಎಲ್ಲಿ ಇಳಿಯುತ್ತೀ ಎಂದು ಕೇಳುತ್ತಾಳೆ. ಕೂತವಳು ಊರಿನ ಹೆಸರು ಹೇಳಿದಳೆಂದರೆ ಆ ಸೀಟು ಕೇಳಿದವಳಿಗೆ ಗಟ್ಟಿ, ಬ್ರಹ್ಮ ಬಂದರೂ ತಪ್ಪುವುದಿಲ್ಲ. ಇಲ್ಲಿಯೂ ಒಂದು ಉತ್ತರದ ಮೇಲೆಯೇ ವ್ಯವಹಾರ ಎಂದು ನಾನು ತಲೆದೂಗುತ್ತಿರುವಾಗ ನನ್ನನ್ನೂ ಯಾರೋ ಕೇಳಿದರು. ಗೋರೆಗಾಂವ್ ಎಂದೆ. ಡಬ್ಬಕ್ಕೆ ಡಬ್ಬವೇ ನನ್ನ ಮೇಲೆ ಎಗರಿತು. ಅದು ವಿರಾರ್ ಫಾಸ್ಟ್, ಗೋರೆಗಾಂವ್‌ನಲ್ಲಿ ನಿಲ್ಲುವುದೇ ಇಲ್ಲವಂತೆ, ಇಂಥವರೆಲ್ಲ ಯಾಕೆ ಹತ್ತುತ್ತಾರೋ ಎಂದು ಹಿಂದಿ, ಮರಾಠಿ, ಗುಜರಾತಿಯಲ್ಲಿ ಮಂಗಳಾರತಿಯಾಯಿತು. ಬೈಯುತ್ತಲೇ ಬೋರಿವಲಿಯಲ್ಲಿ ಇಬ್ಬರು ನನ್ನ ತೋಳು ಹಿಡಿದು ಬಾಗಿಲಿಗೆ ಸಾಗಿಸಿದರು, ಮೂರನೆಯವಳು ಕುಂಕುಮದ ಡಬ್ಬಿಯನ್ನು ಕಿಟಕಿಯಿಂದ ಕೈಗಿಟ್ಟಳು. ಅಲ್ಲಿಂದ ಹಿಂದಕ್ಕೆ ಬಂದೆ.

ದಾಮ್ಲೆಯವರು ಸಿನಿಮಾದ ಸೆಟ್ಟುಗಳಿಗೆ ಓಡುವ ದೀಪದ ಸಾಲು ಮಾಡಿಕೊಡುವವರು. ನೇರಳೆ ದೀಪದ ಪೆಟ್ಟಿಗೆಗೆ ನನ್ನ ಚಿಪ್ಪುಗಳನ್ನು ಹಾಕಿ ಮುಚ್ಚಳ ಎಳೆದು, ಸಾಸರಿನಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತ ತಮ್ಮ ದುಃಖ ತೋಡಿಕೊಂಡರು. ಅವರ ದೀಪ ಒಂದು ಹಾಡು ಮುಗಿಯುವ ತನಕ ಉರಿದರೆ ಸಾಕು, ಆಮೇಲೆ ಕೇಳುವವರಿಲ್ಲ. ನಿಮ್ಮದು ಯಾವ ಸಿನಿಮಾಕ್ಕೆ ಎಂದು ಕೇಳಿದರು. ದೋಸೆಗೆ ಎಂದೆ, ಭಟ್ಟರ ಕತೆಯನ್ನೂ ಹೇಳಿದೆ. ಅವರು ಚಹಾ ಕೆಳಗಿಟ್ಟು, ನನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ತಮ್ಮ ಕೈಯಿಂದಲೇ ಟೈಪ್ ಮಾಡಿಕೊಟ್ಟರು. ಆ ಊರಿನವರಿಗೆ ಪುರುಸೊತ್ತಿಲ್ಲ ಎನ್ನುವವರು ಅಲ್ಲಿನವರನ್ನು ಕಂಡಿಲ್ಲ.

ಮತ್ತೆ ಸಯನ್

ಬುಧವಾರ ಮಧ್ಯಾಹ್ನ ಚಿಪ್ಪುಗಳು ತಮ್ಮ ಜಾಗಕ್ಕೆ ಕೂತವು, ಪೆಟ್ಟಿಗೆಗಳಿಗೆ ಉತ್ತರದ ದೀಪ ಬಂತು. ಇನ್ನು ಭಟ್ಟರ ಕೈಗೆ ಒಂದು ಗುಂಡಿ ಕೊಡಬೇಕು. ಕೊಟ್ಟೆ. ಅವರು ಎಣ್ಣೆಯ ಕೈ ಮುಂದೆ ಚಾಚಿ ತೋರಿಸಿದರು. ಗುಂಡಿ ಒತ್ತುತ್ತ ಕೂರಲು ನಾನೇನು ಲಿಫ್ಟ್‌ಮ್ಯಾನೇ ಎಂದರು. ನಾನು ವಾದಿಸಲಿಲ್ಲ, ಬಾಂದ್ರಾದಲ್ಲಿ ಕಂಡದ್ದು ಕಣ್ಣ ಮುಂದೆಯೇ ಇತ್ತು. ಕಾವಲಿಯ ಬಲಗಡೆ ಕಟ್ಟೆಗೆ ಒಂದು ಗಟ್ಟಿ ಉಕ್ಕಿನ ಪಟ್ಟಿ ಕೂರಿಸಿ, ಅದರ ಕೆಳಗೆ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ ಅಡಗಿಸಿದೆ. ಹಲಗೆಯ ಮೇಲೆ ಒಂದು ದೀಪ ಹತ್ತಿಸಿ, ಭಟ್ಟರ ಕೈಯಿಂದ ಸಟ್ಟುಗ ತೆಗೆದುಕೊಂಡು ಪಟ್ಟಿಗೆ ಟಣ್ ಎಂದು ಹೊಡೆದು ತೋರಿಸಿದೆ.

ಭಟ್ಟರು ಸಟ್ಟುಗವನ್ನು ಕಿತ್ತುಕೊಂಡರು. ಪಟ್ಟಿಯನ್ನು ನೋಡಿದರು, ಮಹಡಿಯಲ್ಲಿ ನಿಲ್ಲಿಸಿದ್ದ ಶೇಖರ ಮತ್ತೆ ಹತ್ತಿಸಿದ ಕೆಂಪು ದೀಪವನ್ನು ನೋಡಿದರು. ಆಮೇಲೆ ಹೊಡೆದರು. ಅದು ನನ್ನ ಹಾಗೆ ತಟ್ಟಿದ್ದಲ್ಲ. ಕೈ ಮೇಲೆತ್ತದೆ ಮಣಿಕಟ್ಟನ್ನಷ್ಟೇ ತಿರುಗಿಸಿ ಹೊಡೆದ, ಪಾತ್ರೆ ತೊಳೆಯುತ್ತಿದ್ದವರೂ ಬೆಚ್ಚಿ ನೋಡಿದ ಪೆಟ್ಟು. ಮಹಡಿಯಿಂದ ಶೇಖರ ಮೆಟ್ಟಿಲ ತನಕ ಓಡಿಬಂದು, ಬಂತು ಬಂತು, ದೀಪ ಮಿಣುಕುವುದು ನಿಂತಿತು ಎಂದು ಕೈ ಬೀಸಿದ. ಭಟ್ಟರಿಗೆ ಆ ಟಣ್ ಕೇಳಿಸಿರಲಾರದು. ಆದರೆ ಶೇಖರನ ಕೈ ಕಾಣಿಸಿತು. ಅವರು ಮುಖ ತಿರುಗಿಸಿಕೊಂಡು ಕಾವಲಿಗೆ ನೀರು ಚಿಮುಕಿಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

ಗುರುವಾರ ಏನೋ ಹಬ್ಬದ ರಜೆ, ಹೋಟೆಲ್ ಭಾನುವಾರವನ್ನೂ ಮೀರಿಸಿತು. ದೊಡ್ಡ ರಾಯರು ಹೊಸ ಅಡಿಗೆಯವನನ್ನು ಜೊತೆಗೆ ಕರೆದುಕೊಂಡೇ ಬಂದರು. ಅವನು ಬೆತ್ತದ ಪೆಟ್ಟಿಗೆ ಹಿಡಿದು ಗಲ್ಲಾದ ಪಕ್ಕ ನಿಂತ. ದೊಡ್ಡ ರಾಯರು ಯಾರಿಗೂ ಹೇಳದೆ ಮಹಡಿಗೆ ಹೋಗಿ, ಪೆಟ್ಟಿಗೆಯ ಮುಂದೆ ನಿಂತು ತಾವೇ ಒಂದು ರವೆ ಒತ್ತಿದರು. ನಾನು ಬೆನ್ನ ಹಿಂದೆ ಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದೆ. ದೀಪ ಮಿಣುಕಿತು. ಮಿಣುಕುತ್ತಲೇ ಇತ್ತು. ಅಷ್ಟು ಹೊತ್ತು ಯಾವ ದೀಪವನ್ನೂ ನಾನು ನೋಡಿಲ್ಲ. ಆಮೇಲೆ ಕೆಳಗಿನಿಂದ ಟಣ್ ಎಂದು ಸದ್ದು ಬಂತು, ದೀಪ ಸ್ಥಿರವಾಗಿ ನಿಂತಿತು. ದೊಡ್ಡ ರಾಯರ ಬೆರಳು ಇನ್ನೊಮ್ಮೆ ಒತ್ತಲು ಗುಂಡಿಯ ಹತ್ತಿರ ಹೋಗಿತ್ತು, ಹಾಗೆಯೇ ಹಿಂದೆ ಬಂತು. ಎಷ್ಟು ವರ್ಷ ಆಯ್ತು ಈ ಪೆಟ್ಟು ಕೇಳದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ರವೆ ದೋಸೆ ಬಂತು, ರವೆ ದೋಸೆಯೇ ಬಂತು. ತಿಂದು ಕೈ ತೊಳೆದು ಕೆಳಗಿಳಿದು, ಹೊಸ ಅಡಿಗೆಯವನಿಗೆ ಬಾಂದ್ರಾದಲ್ಲಿಯೂ ಒಬ್ಬರು ಬೇಕಾಗಿದ್ದಾರೆ ನಡಿ ಎಂದು ಹೇಳಿ ಕರೆದುಕೊಂಡು ಹೋದರು. ಸದಾನಂದ ರಾಯರು ಗಲ್ಲಾದಲ್ಲಿ ಕೂತು ಮೂಗು ಒರೆಸಿಕೊಂಡರು, ನೆಗಡಿ ಎಂದರು.

ನಾನು ಊರಿಗೆ ಹೊರಟ ದಿನ ಭಟ್ಟರಿಗೆ ಹೇಳಿ ಹೋಗಲು ಅಡಿಗೆಮನೆಗೆ ಹೋದೆ. ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹಲಗೆಯ ಮೇಲೆ ಕೆಂಪು, ಹಸಿರು, ಹಳದಿ ಹತ್ತುತ್ತಿತ್ತು, ಆರುತ್ತಿತ್ತು, ಅವರು ಹೊಯ್ಯುತ್ತ, ಮಗುಚುತ್ತ, ನಡುನಡುವೆ ಪಟ್ಟಿಗೆ ಹೊಡೆಯುತ್ತ ಇದ್ದರು. ಬಾಳೆಲೆಯಲ್ಲಿ ಕಟ್ಟಿದ ದೋಸೆಯ ಪೊಟ್ಟಣವನ್ನು ಕಣ್ಣಿನಿಂದಲೇ ತೋರಿಸಿದರು, ನನಗೆ ದಾರಿಗೆ. ಅಷ್ಟರಲ್ಲಿ ಶೇಖರ ಹಾಲಿನ ಪೆಟ್ಟಿಗೆಯಲ್ಲಿ ಒತ್ತಿದವನೇ, ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ, ಕಿಂಡಿಗೆ ಬಂದು ತಲೆ ತೂರಿಸಿ ಒಂದು ಮಸಾಲೆ ಎಂದು ಸೂರು ಹಾರುವಂತೆ ಕೂಗಿದ.

ಭಟ್ಟರು ಹಸಿರು ದೀಪದ ಮೇಲಿನಿಂದ ಕಣ್ಣು ತೆಗೆದು, ಆದ ದೋಸೆಯನ್ನು ಕಿಂಡಿಗಿಡಲು ತಿರುಗಿ, ಅವನ ತೆರೆದ ಬಾಯಿಯನ್ನು ನೋಡಿದರು.

“ಬೊಬ್ಬೆ ಎಂತಕ್ಕೆ ಹೊಡೀತಿ ಮಾರಾಯ? ನಂಗೆ ಕೇಳ್ತದೆ.”

ಎಂದು ಹೇಳಿ, ಪಟ್ಟಿಗೆ ಟಣ್ ಎಂದು ಹೊಡೆದು, ಕಾವಲಿಗೆ ಹಿಟ್ಟು ಹೊಯ್ದರು.